ನಮ್ಮ 94, ಅವರ 61

ಆಷಾಢ ಶುಕ್ರವಾರ. ಪ್ಯಾಕಿಂಗ್‌ನ ಅರ್ಧಕ್ಕರ್ಧ ಹೆಂಗಸರು ನಸುಕಿಗೇ ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದು, ಹಣೆ ತುಂಬ ಕುಂಕುಮ ಇಟ್ಟುಕೊಂಡು ಹನ್ನೊಂದಕ್ಕೆ ಕೆಲಸಕ್ಕೆ ಕೂತಿದ್ದರು. ಒಬ್ಬರು ನನ್ನ ಟೇಬಲ್ ಮೇಲೆ ಪ್ರಸಾದದ ಪೊಟ್ಟಣ ಇಟ್ಟು ಹೋದರು. ಅದನ್ನು ಬಿಚ್ಚುವಷ್ಟರಲ್ಲಿ ಒಳಗಿನಿಂದ ಯಜಮಾನರು ಕೂಗಿದರು.

"ಇದೇನ್ರೀ ಇದು? ನೀವು ತಿಂಗಳು ತಿಂಗಳು 94 ಅಂತ ಬರೀತೀರಿ. ಇವ್ರು 61 ಅಂತ ಕಳ್ಸಿದ್ದಾರೆ. ದುಡ್ಡು ಬೇರೆ ಮುರ್ಕೊಂಡಿದ್ದಾರೆ!"

ಅವರ ಕೈಯಲ್ಲಿ ಒಂದು ಡೆಬಿಟ್ ನೋಟ್ ಇತ್ತು. ನಮ್ಮ ಮಾಲು ಕೊಳ್ಳುವ ದೊಡ್ಡ ರೀಟೇಲ್ ಕಂಪನಿಯೊಂದು ಕಳಿಸಿದ್ದು. ಮೂರು ತಿಂಗಳ ಲೆಕ್ಕ. ಓಟಿಫ್ ಶೇ. 61, ಗುರಿ ಶೇ. 95, ಆದ್ದರಿಂದ ಇಷ್ಟು ದಂಡ. ಬೇರೆ ವಿವರ ಇಲ್ಲ.

ನಾನು ಮಂಡ್ಯದವನು. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಪ್ಲಾನಿಂಗ್ ಮತ್ತು ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ದಿನಾ ರೈಲಿನಲ್ಲಿ ಓಡಾಟ. ಆವತ್ತಿನವರೆಗೂ ನನ್ನ 94ರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು. ಎಕ್ಸೆಲ್‌ನಲ್ಲಿ ಹಸಿರು ಬಣ್ಣ ಹಚ್ಚಿ ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಚುಚ್ಚುತ್ತಿದ್ದೆ.

ಓಟಿಫ್ (ಆನ್ ಟೈಮ್, ಇನ್ ಫುಲ್) ಅಂದರೆ ದೊಡ್ಡ ವಿದ್ಯೆ ಏನಲ್ಲ. ಹೇಳಿದ ಹೊತ್ತಿಗೆ, ಹೇಳಿದಷ್ಟು. ಎರಡೂ ಸರಿಯಾಗಿದ್ದರೆ ಪಾಸ್, ಒಂದು ತಪ್ಪಿದರೂ ಫೇಲ್. 2017ರಲ್ಲಿ ಅಮೆರಿಕದ ವಾಲ್‌ಮಾರ್ಟ್ ತನಗೆ ಮಾಲು ಕೊಡುವವರ ಮೇಲೆ ಇದನ್ನು ದೊಡ್ಡ ಮಟ್ಟದಲ್ಲಿ ಹೇರಿತು. ತಪ್ಪಿದ ಮಾಲಿನ ಬೆಲೆಯಲ್ಲಿ ಶೇ. 3 ಮುರಿದುಕೊಳ್ಳುತ್ತೇವೆ ಅಂದಿತು. ಆ ಪದ್ಧತಿ ಈಗ ಮೈಸೂರಿನ ಊದುಬತ್ತಿಗೂ ಬಂದು ಮುಟ್ಟಿದೆ.

ಆ ರಾತ್ರಿ ಮನೆಯಲ್ಲಿ ಕೂತು ನನ್ನ 94 ಎಲ್ಲಿಂದ ಹುಟ್ಟಿತು ಅಂತ ಬಿಡಿಸಿ ನೋಡಿದೆ. ನಾಚಿಕೆ ಆಯಿತು. ಆರ್ಡರ್ ಮಾಡಿದ ಒಟ್ಟು ಕಾರ್ಟನ್ ಎಷ್ಟು, ಕಳಿಸಿದ್ದು ಎಷ್ಟು, ಭಾಗಿಸಿ ಶೇಕಡಾ ತೆಗೆದಿದ್ದೆ. ಹೊತ್ತು ಅಂದರೆ ನಮ್ಮ ಇನ್‌ವಾಯ್ಸ್ ಮೇಲಿನ ತಾರೀಖು. ಗಾಡಿ ನಮ್ಮ ಗೇಟು ದಾಟಿದ್ದು ಮರುದಿನ ಆಗಿದ್ದರೂ ಇನ್‌ವಾಯ್ಸ್ ಹಿಂದಿನ ದಿನ ಸಂಜೆಯೇ ಹೊಡೆದಿರುತ್ತಿತ್ತು. ಆಮೇಲೆ ಆ ಮಾಲು ಎಲ್ಲಿ ಹೋಯಿತು, ಯಾವಾಗ ಇಳಿಯಿತು, ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಒಂದು ಪಿಒದಲ್ಲಿ, ಅಂದರೆ ಅವರು ಕಳಿಸುವ ಪರ್ಚೇಸ್ ಆರ್ಡರ್‌ನಲ್ಲಿ, 20 ಐಟಂ, ಒಟ್ಟು 400 ಕಾರ್ಟನ್. ಒಂದೇ ಐಟಂನಲ್ಲಿ 4 ಕಾರ್ಟನ್ ಕಡಿಮೆ ಹೋಯಿತು ಅಂತಿಟ್ಟುಕೊಳ್ಳಿ. ಕಾರ್ಟನ್ ಲೆಕ್ಕದಲ್ಲಿ ಶೇ. 99. ಐಟಂ ಲೆಕ್ಕದಲ್ಲಿ 20ಕ್ಕೆ 19, ಅಂದರೆ ಶೇ. 95. ಆರ್ಡರ್ ಲೆಕ್ಕದಲ್ಲಿ ಸೊನ್ನೆ. ಗಾಡಿ ಅದೇ, ಮಾಲು ಅದೇ. ನಾನು 99 ಬರೆಯುತ್ತಿದ್ದೆ, ಅವರು ಸೊನ್ನೆ ಬರೆಯುತ್ತಿದ್ದರು. ಇಬ್ಬರದೂ ಸುಳ್ಳಲ್ಲ.

ಇನ್ನು ಹೊತ್ತು. ಇದು ನನಗೆ ಹೊಳೆದದ್ದು ರೈಲಿನಲ್ಲೇ. ನಮ್ಮ ರೈಲು ಮಂಡ್ಯಕ್ಕೆ ಎಷ್ಟೋ ದಿನ ಹದಿನೈದು ನಿಮಿಷ ತಡ. ಆದರೆ ಮೈಸೂರಿಗೆ ರೈಟ್ ಟೈಮ್! ಕೊನೆಯ ಸ್ಟೇಷನ್ನಿಗೆ ಮುಂಚೆ ಟೈಮ್ ಟೇಬಲ್‌ನಲ್ಲಿ ಒಂದಿಷ್ಟು ಸಡಿಲ ಬಿಟ್ಟಿರುತ್ತಾರೆ. ರೈಲಿನ ಲೆಕ್ಕಕ್ಕೆ ಅದು ಸರಿ. ಮಂಡ್ಯದಲ್ಲಿ ಹತ್ತಿ ಶ್ರೀರಂಗಪಟ್ಟಣದಲ್ಲಿ ಇಳಿಯುವವನಿಗೆ ತಡವೇ ಅಲ್ವಾ? ಗಡಿಯಾರ ಯಾವ ಪ್ಲಾಟ್‌ಫಾರಂನಲ್ಲಿ ನೇತು ಹಾಕಿದ್ದೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಹಾಗಾದರೆ ಆ ಕಂಪನಿಯ ಗಡಿಯಾರ ಎಲ್ಲಿದೆ? ಮೇಲ್ ಹಾಕಿ ಕೇಳಿದೆ. "ಆಸ್ ಪರ್ ಸಿಸ್ಟಂ" ಅಂತ ಉತ್ತರ ಬಂತು. ಸರಿ, ಸಿಸ್ಟಂ ನೋಡಿಯೇ ಬರೋಣ ಅಂತ ಮುಂದಿನ ಲೋಡಿಗೆ ನಾನೇ ಕ್ಯಾಂಟರ್ ಹತ್ತಿದೆ.

ಅವರ ಡಿಸಿ ಇರುವುದು ನೆಲಮಂಗಲದ ಕಡೆ. ನಮ್ಮ ಕಡೆ ಡಿಸಿ ಅಂದರೆ ಜಿಲ್ಲಾಧಿಕಾರಿ. ಇವರಿಗೆ ಡಿಸ್ಟ್ರಿಬ್ಯೂಷನ್ ಸೆಂಟರ್. ಮೊದಲ ಸಲ "ಡಿಸಿಯಲ್ಲಿ ನಿಮ್ಮ ಮಾಲು ನಿಂತಿದೆ" ಅಂತ ಫೋನ್ ಬಂದಾಗ ನಮ್ಮ ಅಕೌಂಟ್ಸ್ ಹುಡುಗ ನಿಜವಾಗಿಯೂ ಹೆದರಿದ್ದ.

ಬೆಳಗಿನ ಜಾವ ಮೂರೂವರೆಗೆ ಹೊರಟೆವು. ಡ್ರೈವರ್ ಅಣ್ಣ ನಾಗಮಂಗಲ ಕಡೆಯವರು. ಬೆಂಗಳೂರು ಹೈವೇ ಬಿಟ್ಟು ಶ್ರೀರಂಗಪಟ್ಟಣದಿಂದ ಪಾಂಡವಪುರ, ನಾಗಮಂಗಲ ದಾಟಿ ಬೆಳ್ಳೂರು ಕ್ರಾಸ್‌ಗೆ ಹೋಗಿ, ಅಲ್ಲಿಂದ ಕುಣಿಗಲ್ ಮೇಲೆ ಹಿಡಿದರು. ಗೊತ್ತಿರುವ ದಾರಿ, ಸಿಟಿ ರಗಳೆ ಇಲ್ಲ. 7 ಗಂಟೆ 10 ನಿಮಿಷಕ್ಕೆ ಡಿಸಿ ಗೇಟಿನ ಮುಂದೆ ಇದ್ದೆವು. ನಮ್ಮ ಸ್ಲಾಟ್ 8ರಿಂದ 10. ನನಗೆ ಖುಷಿಯೋ ಖುಷಿ. ಈಗ ನೋಡ್ತೀನಿ ಹೇಗೆ ಲೇಟ್ ಹಾಕ್ತಾರೆ ಅಂತ.

ಗೇಟಿನ ಮುಂದೆ ರಸ್ತೆ ಬದಿಗೆ ಹದಿನಾಲ್ಕು ಗಾಡಿ ಸಾಲಾಗಿ ನಿಂತಿದ್ದವು. ಸೆಕ್ಯೂರಿಟಿಯವನು ಒಂದು ಟೋಕನ್ ಹರಿದು ಕೊಟ್ಟ. ಚಿಕ್ಕ ಗುಲಾಬಿ ಚೀಟಿ, ಮೇಲೆ ನಂಬರ್, ಕೆಳಗೆ ಪೆನ್ನಿನಲ್ಲಿ ಗೀಚಿದ ಟೈಮ್. ಡ್ರೈವರ್ ಅಣ್ಣ ಅದನ್ನು ಕ್ಯಾಬಿನ್ನಿನ ಆಂಜನೇಯನ ಫೋಟೋ ಹಿಂದೆ ಸಿಕ್ಕಿಸಿ, ಸೀಟಿನ ಹಿಂದೆ ಉದ್ದಕ್ಕೆ ಮಲಗಿಬಿಟ್ಟರು. ಎಂಟಾಯಿತು. ಒಂಬತ್ತಾಯಿತು. ಹತ್ತಾಯಿತು. ನಾನು ಮೂರು ಸಲ ಗೇಟಿಗೆ ಹೋಗಿ ಬಂದೆ. "ಡಾಕ್ ಖಾಲಿ ಇಲ್ಲ ಸಾರ್, ಕರೀತಾರೆ" ಅಷ್ಟೇ. ಡಾಕ್ ಅಂದರೆ ಗಾಡಿ ನಿಲ್ಲಿಸಿ ಮಾಲು ಇಳಿಸುವ ಕಟ್ಟೆ. 11 ಗಂಟೆ 25 ನಿಮಿಷಕ್ಕೆ ಗೇಟು ತೆರೆಯಿತು. ಒಳಗಿನ ಕಂಪ್ಯೂಟರಿನಲ್ಲಿ ಗಾಡಿ ನಂಬರ್ ಹೊಡೆದ ಕೂಡಲೇ ಕೆಂಪು ಪಟ್ಟಿ ಬಂತು. ಲೇಟ್.

ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಡ್ರೈವರ್ ಅಣ್ಣ ನಕ್ಕರು. "ಹೊತ್ತುಟ್ಟಕ್ ಮುಂಚೇನೇ ಬಂದ್ರೂ ಇಷ್ಟೇ ಕಣ್ ಸಾ. ಅವ್ರ ಕಂಪ್ಯೂಟ್ರಿಗೆ ನಾವ್ ಯಾವಾಗ್ ಕಾಣಿಸ್ಕತೀವೋ ಆಗ್ಲೇ ಬಂದಂಗೆ ಲೆಕ್ಕ."

ಒಳಗೆ ಮಾಲು ಇಳಿಸುವ ಕಡೆ ಒಬ್ಬ ಹುಡುಗ ಸೂಪರ್‌ವೈಸರ್ ಇದ್ದ. ಮಾತಿನ ಧಾಟಿಯಲ್ಲೇ ಗೊತ್ತಾಯಿತು, ನಮ್ಮ ಮದ್ದೂರು ಕಡೆಯವನು. ಊರಿನ ಹೆಸರು ಹೇಳಿದ ಮೇಲೆ ಟೀ ತರಿಸಿದ. ಆಮೇಲೆ ನಿಜ ಹೇಳಿದ. ಅವನಿಗೂ ಒಂದು ನಂಬರ್ ಇದೆ. ಗಾಡಿ ಗೇಟಿನ ಒಳಗೆ ಬಂದು ಖಾಲಿಯಾಗಿ ಹೊರಗೆ ಹೋಗುವವರೆಗೆ ಎಷ್ಟು ಹೊತ್ತು ಅನ್ನುವುದು. ಎರಡು ಗಂಟೆ ಮೀರಿದರೆ ಅವನ ಬಾಸ್ ಕೇಳುತ್ತಾರೆ. ಡಾಕ್ ತುಂಬಿರುವಾಗ ಗಾಡಿ ಒಳಗೆ ಬಿಟ್ಟುಕೊಂಡರೆ ಅವನ ಗಡಿಯಾರ ಓಡಲು ಶುರು. ಹಾಗಾಗಿ ಡಾಕ್ ಖಾಲಿ ಆಗುವವರೆಗೆ ಹೊರಗೇ ನಿಲ್ಲಿಸುವುದು.

"ನಂದು ಗ್ರೀನ್ ಆಗ್ಬೇಕಲ್ಲಾ ಅಣ್ಣ," ಅಂದ.

ತಪ್ಪೇನಿಲ್ಲ ಅವನದು. ನಾನು ಇನ್‌ವಾಯ್ಸ್ ತಾರೀಖು ಇಟ್ಟುಕೊಂಡು ನನ್ನ ಹಸಿರು ಮಾಡಿಕೊಳ್ಳುತ್ತಿದ್ದೆ, ಅವನು ಗೇಟು ಮುಚ್ಚಿಟ್ಟುಕೊಂಡು ಅವನ ಹಸಿರು ಮಾಡಿಕೊಳ್ಳುತ್ತಿದ್ದ. ನಡುವೆ ರಸ್ತೆ ಬದಿ ಬಿಸಿಲಲ್ಲಿ ಹದಿನಾಲ್ಕು ಗಾಡಿ. ಆ ಹದಿನಾಲ್ಕು ಗಾಡಿಗಳ ನಾಲ್ಕು ಗಂಟೆ ಯಾರ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಡ್ರೈವರ್‌ಗಳ ನಿದ್ದೆಯಲ್ಲಿ ಮಾತ್ರ ಇದೆ.

ಆವತ್ತಿನಿಂದ ಒಂದು ನಿಯಮ ಮಾಡಿದೆ. ಟೋಕನ್ ಕೈಗೆ ಬಂದ ಕೂಡಲೇ, ಟೋಕನ್ ಮತ್ತು ಗಾಡಿಯ ನಂಬರ್ ಪ್ಲೇಟ್ ಒಟ್ಟಿಗೆ ಕಾಣುವ ಹಾಗೆ ಫೋಟೋ ತೆಗೆದು ವಾಟ್ಸ್ಯಾಪ್‌ಗೆ ಹಾಕಬೇಕು. ಆರು ವಾರದ ಫೋಟೋ ಜೋಡಿಸಿಕೊಂಡು ಆ ಕಂಪನಿಯ ಬೈಯರ್ ಮೇಡಂ ಹತ್ತಿರ ಹೋದೆ. ಜಗಳ ಆಡಲಿಲ್ಲ. ಬರೀ ಎರಡು ಕಾಲಂ ತೋರಿಸಿದೆ. ಟೋಕನ್ ಹೊತ್ತು, ಗೇಟಿನ ಹೊತ್ತು. ಅವರು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಸ್ಲಾಟ್ ಒಳಗೆ ಟೋಕನ್ ಇದ್ದರೆ ಆನ್ ಟೈಮ್ ಅಂತ ಪರಿಗಣಿಸುತ್ತೇವೆ ಎಂದು ಒಂದು ಮೇಲ್ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ಬಂತು, ಅದೇ ದೊಡ್ಡದು.

ನಾನು ಗೆದ್ದೆ ಅಂದುಕೊಂಡೆ. ಆಮೇಲೆ ಲೆಕ್ಕ ಹಾಕಿದೆ. ದಂಡ ಬಿದ್ದ ಆ ಹದಿಮೂರು ವಾರದಲ್ಲಿ ಒಟ್ಟು 118 ಆರ್ಡರ್. ಪಾಸ್ ಆಗಿದ್ದು 72. ಫೇಲ್ 46. ಅದರಲ್ಲಿ ಗೇಟಿನ ಹೊರಗೆ ನಿಂತು ಫೇಲ್ ಆಗಿದ್ದು ಬರೀ 11. ಅವನ್ನೆಲ್ಲ ಪಾಸ್ ಅಂತ ಹಾಕಿಕೊಂಡರೂ 61 ಹೋಗಿ 70 ಆಗುತ್ತದೆ. ಉಳಿದ 35 ನಮ್ಮದೇ ಪಾಪ.

ಆ 35 ಆರ್ಡರ್‌ಗಳ ಪೇಪರ್ ತೆಗೆದು ಕ್ಯಾಂಟೀನ್ ಟೇಬಲ್ ಮೇಲೆ ಹರಡಿಕೊಂಡೆವು. ನಾನು, ಸ್ಟೋರ್ಸ್ ನೋಡಿಕೊಳ್ಳುವ ಅಕ್ಕ, ಪರ್ಚೇಸ್‌ನವರು, ಪ್ಯಾಕಿಂಗ್ ಮೇಸ್ತ್ರಿ. ಒಂದೊಂದರ ಮೇಲೆ ಒಂದೇ ಕಾರಣ ಬರೆಯಬೇಕು, ಎರಡು ಬರೆಯುವ ಹಾಗಿಲ್ಲ ಅಂತ ಅಕ್ಕ ಪಟ್ಟು ಹಿಡಿದರು. ಒಳ್ಳೆಯದೇ ಮಾಡಿದರು. ನನ್ನ ಮನಸ್ಸಿನಲ್ಲಿ ಇದ್ದದ್ದು ಟ್ರಾನ್ಸ್‌ಪೋರ್ಟ್. ಗಾಡಿ ಸಿಗಲ್ಲ, ಡ್ರೈವರ್ ಬರಲ್ಲ, ಮಳೆ. ಬಂದ ಲೆಕ್ಕವೇ ಬೇರೆ. ಗಾಡಿ ನಮ್ಮಲ್ಲಿಂದ ತಡವಾಗಿ ಹೊರಟಿದ್ದು 7. ಪೇಪರ್ ತಪ್ಪು 6. ಕಾರ್ಟನ್ ನೆನೆದದ್ದು, ಜಜ್ಜಿ ಹೋದದ್ದು 3. ಮಾಲೇ ಕಡಿಮೆ ಬಿದ್ದದ್ದು 19.

ಪೇಪರ್ ತಪ್ಪು ಅಂದರೆ ಹೆಚ್ಚಾಗಿ ಇ-ವೇ ಬಿಲ್, ಜಿಎಸ್‌ಟಿಯಲ್ಲಿ ಮಾಲು ಸಾಗಿಸಲು ಬೇಕಾದ ಚೀಟಿ. ಕೊನೇ ಗಳಿಗೆಯಲ್ಲಿ ಗಾಡಿ ಬದಲಾಗುತ್ತದೆ, ಪಾರ್ಟ್ ಬಿಯಲ್ಲಿ ಹಳೇ ಗಾಡಿಯ ನಂಬರೇ ಉಳಿದಿರುತ್ತದೆ. 50,000 ರೂಪಾಯಿ ಮೀರಿದ ಮಾಲಿಗೆ ಅದಿಲ್ಲದೆ ನಡೆಯಲ್ಲ. ಇದು ಒಂದೇ ವಾರದಲ್ಲಿ ಸರಿಹೋಯಿತು. ಲೋಡಿಂಗ್ ಮುಗಿದ ಮೇಲೆ ನಂಬರ್ ಪ್ಲೇಟ್ ನೋಡಿಕೊಂಡು ಬಿಲ್ ಮಾಡಿ ಅಂದೆ, ಮುಗಿಯಿತು.

ಮಾಲು ಕಡಿಮೆ ಬಿದ್ದ 19ರ ಕಥೆ ಅಷ್ಟು ಸುಲಭ ಇರಲಿಲ್ಲ. ನಮ್ಮ ಗೋಡೌನ್ ತುಂಬಿ ತುಳುಕುತ್ತಿತ್ತು. ಕಾಲಿಡಲು ಜಾಗ ಇಲ್ಲ. ಆದರೂ ಮಾಲಿಲ್ಲ! ಬಿದಿರು ಕಡ್ಡಿ ರಾಶಿ ರಾಶಿ ಇತ್ತು. 2020ರಲ್ಲಿ ಬಿದಿರು ಕಡ್ಡಿಯ ಆಮದು ಸುಂಕವನ್ನು ಶೇ. 10ರಿಂದ 25ಕ್ಕೆ ಏರಿಸಿದ ಮೇಲೆ ವಿಯೆಟ್ನಾಂ ಕಡ್ಡಿ ದುಬಾರಿಯಾಯಿತು. ಅಂದಿನಿಂದ ಯಜಮಾನರಿಗೆ ಕಡ್ಡಿ ಸಿಗದೇ ಹೋದರೆ ಅನ್ನುವ ಭಯ ಹೋಗಿಲ್ಲ. ಸಿಕ್ಕಾಗಲೆಲ್ಲ ಹಾಕಿಸುತ್ತಾರೆ. ಅದರ ಜೊತೆ ಯಾರೂ ಕೇಳದ ನಾಲ್ಕಾರು ಸುವಾಸನೆಯ ಬತ್ತಿಗಳು ಕಾರ್ಟನ್ ಕಾರ್ಟನ್. ಇಲ್ಲದಿದ್ದದ್ದು ಚೆನ್ನಾಗಿ ಓಡುವ ಎರಡು ಐಟಂ. 19ರಲ್ಲಿ 12 ಆರ್ಡರ್ ಬಿದ್ದದ್ದು ಆ ಎರಡರಿಂದಲೇ.

ಅವಕ್ಕೆ ಬತ್ತಿ ಇತ್ತು, ಸೆಂಟ್ ಇತ್ತು, ಕೈಗಳೂ ಇದ್ದವು. ಇಲ್ಲದಿದ್ದದ್ದು ಪೌಚ್. ಮೇಲೆ ಹೆಸರು, ಚಿತ್ರ ಪ್ರಿಂಟ್ ಆಗಿ ರೋಲ್‌ನಲ್ಲಿ ಬರುತ್ತದಲ್ಲ, ಆ ಪ್ಲಾಸ್ಟಿಕ್ ಹಾಳೆ. ಯಾಕೆ ಇಲ್ಲ? ಪರ್ಚೇಸ್‌ನವರನ್ನು ಎಲ್ಲರೂ ತಿರುಗಿ ನೋಡಿದೆವು. ಪಾಪ, ಅವರು ತಮ್ಮ ಫೈಲ್ ತೆಗೆದು ತೋರಿಸಿದರು. ಅವರನ್ನು ನಾವು ಅಳೆಯುತ್ತಿದ್ದದ್ದು ಕೆಜಿಗೆ ಎಷ್ಟು ರೂಪಾಯಿ ಇಳಿಸಿದಿರಿ ಅಂತ. ಪ್ರಿಂಟರ್ ದೊಡ್ಡ ಲಾಟ್ ಕೊಟ್ಟರೆ ಮಾತ್ರ ರೇಟ್ ಇಳಿಸುತ್ತಾನೆ. ಹಾಗಾಗಿ ಅವರು ನಾಲ್ಕೈದು ಐಟಂನ ಪೌಚ್ ಒಟ್ಟಿಗೆ ಸೇರುವವರೆಗೆ ಆರ್ಡರ್ ತಡೆದು ಹಿಡಿಯುತ್ತಿದ್ದರು. ಕೆಜಿಗೆ ಕೆಲವು ರೂಪಾಯಿ ಉಳಿಯಿತು. ಆ ಕಡೆ ಲಾರಿ ಲೋಡ್ ಆರ್ಡರ್ ಫೇಲ್ ಆಗಿ ದಂಡ ಬಿತ್ತು. ಮೂರು ವರ್ಷ ಅವರಿಗೆ ದೀಪಾವಳಿಗೆ ಬೋನಸ್ ಕೊಟ್ಟದ್ದೂ ಇದೇ ಕೆಜಿ ಲೆಕ್ಕಕ್ಕೆ.

ಅಲ್ಲಿಂದ ಆ ಎರಡು ಐಟಂನ ಪೌಚನ್ನು ಬೇರೆ ಮಾಡಿದೆವು. ಇಷ್ಟು ದಿನದ ಪೌಚ್ ಉಳಿದಾಗ ಆರ್ಡರ್ ಹೋಗಲೇಬೇಕು, ರೇಟ್ ಎಷ್ಟಾದರೂ ಸರಿ. ಸ್ಟೋರ್ಸ್ ಅಕ್ಕ ಕೊನೆಯ ಮೂರು ರೋಲ್‌ಗೆ ಕೆಂಪು ಟೇಪ್ ಸುತ್ತಿದರು. ಟೇಪ್ ಇರುವ ರೋಲ್‌ಗೆ ಕೈ ಹಾಕುವವನು ಮೊದಲು ಅವರಿಗೆ ಹೇಳಬೇಕು. ಸಾಫ್ಟ್‌ವೇರ್ ಬೇಡ, ಏನೂ ಬೇಡ.

ಈ ಹೊತ್ತಿಗೆ ನಾನು ಸ್ವಲ್ಪ ಓದಿಕೊಂಡೆ. ಸ್ಕೋರ್ ಅಂತ ಒಂದು ಮಾದರಿ ಇದೆ, 1996ರಲ್ಲಿ ಸಪ್ಲೈ ಚೈನ್ ಕೌನ್ಸಿಲ್ ಅನ್ನುವ ಸಂಸ್ಥೆ ಮಾಡಿದ್ದು. ಅದರಲ್ಲಿ ಪರ್ಫೆಕ್ಟ್ ಆರ್ಡರ್ ಅನ್ನುವ ಅಳತೆ ಬರುತ್ತದೆ. ಹೊತ್ತು, ಪ್ರಮಾಣ, ಪೇಪರ್, ಮಾಲಿನ ಸ್ಥಿತಿ, ನಾಲ್ಕೂ ಸರಿ ಇದ್ದರೆ ಮಾತ್ರ ಒಂದು ಆರ್ಡರ್ ಸರಿ. ಓದಿದ ಕೂಡಲೇ ಕ್ಯಾಲ್ಕುಲೇಟರ್ ತೆಗೆದೆ. ಹೊತ್ತು ಶೇ. 90, ಪ್ರಮಾಣ 88, ಪೇಪರ್ 96, ಸ್ಥಿತಿ 98 ಅಂತಿಟ್ಟುಕೊಳ್ಳಿ. ಒಂದೊಂದನ್ನೂ ಪ್ರತ್ಯೇಕ ನೋಡಿದರೆ ಪರವಾಗಿಲ್ಲ ಅನಿಸುತ್ತದೆ. ಗುಣಿಸಿದರೆ ಶೇ. 75 ಕೂಡ ಮುಟ್ಟಲ್ಲ. ನಾಲ್ಕು ಜನ ನಾಲ್ಕು ಟೇಬಲ್‌ನಲ್ಲಿ ಕೂತು ತಂತಮ್ಮ ತೊಂಬತ್ತನ್ನು ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ, ಗಿರಾಕಿಗೆ ನಾಲ್ಕರಲ್ಲಿ ಒಂದು ಆರ್ಡರ್ ಕೆಟ್ಟಿರುತ್ತದೆ.

ಇನ್ನು ನಾನು ಮಾಡಿದ ದಡ್ಡತನ ಹೇಳಬೇಕು. ನಂಬರ್ ಏರತೊಡಗಿದ ಹುರುಪಿನಲ್ಲಿ, ಓಟಿಫ್ 95 ದಾಟಿದರೆ ಸೇಲ್ಸ್ ಮತ್ತು ಡಿಸ್ಪ್ಯಾಚ್ ಹುಡುಗರಿಗೆ ತಿಂಗಳಿಗೆ ಇಷ್ಟು ಅಂತ ಇನ್ಸೆಂಟಿವ್ ಇಡಿಸಿದೆ. ಮರು ತಿಂಗಳೇ 96! ಯಜಮಾನರು ಎಲ್ಲರಿಗೂ ಮೈಸೂರ್ ಪಾಕ್ ತರಿಸಿದರು. ನಾನೂ ಎರಡು ತುಂಡು ತಿಂದೆ.

ಅದಾದ ಮುಂದಿನ ಭಾನುವಾರ ಹೆಂಡತಿ ಜೊತೆ ದಿನಸಿ ತರಲು ಮೈಸೂರಿನಲ್ಲೇ ಅದೇ ಕಂಪನಿಯ ಅಂಗಡಿಗೆ ಹೋಗಿದ್ದೆ. ಅಭ್ಯಾಸ ಬಲ, ಪೂಜಾ ಸಾಮಾನಿನ ಕಡೆ ಕಣ್ಣು ಹೋಯಿತು. ಕರ್ಪೂರ ಇದೆ, ಹೂಬತ್ತಿ ಇದೆ, ಅರಿಶಿನ ಕುಂಕುಮ ಇದೆ. ನಮ್ಮ ಬತ್ತಿಯ ರೇಟ್ ಚೀಟಿ ಅಂಟಿಸಿದ ಜಾಗದಲ್ಲಿ ಬೇರೆ ಕಂಪನಿಯ ಪ್ಯಾಕೆಟ್ ಎರಡು ಸಾಲು ನಿಂತಿವೆ. ಅಲ್ಲಿನ ಹುಡುಗಿಯನ್ನು ಕೇಳಿದೆ.

"ಅದು ಬರ್ತಾ ಇಲ್ಲ ಅಂಕಲ್, ಎರಡ್ ವಾರ ಆಯ್ತು."

ಶೇ. 96ರ ತಿಂಗಳು ಅದು. ಸೋಮವಾರ ಕೆದಕಿದಾಗ ಗೊತ್ತಾಯಿತು. ಮಾಲು ಸಾಲದು ಅಂತ ತಿಳಿದ ಕೂಡಲೇ ನಮ್ಮ ಸೇಲ್ಸ್ ಹುಡುಗ ಅವರ ಆಫೀಸಿಗೆ ಫೋನ್ ಮಾಡಿ ಪಿಒದಲ್ಲಿ ಆ ಐಟಂ ತೆಗೆಸುತ್ತಿದ್ದ, ಇಲ್ಲವೇ ಪ್ರಮಾಣ ಕಡಿಮೆ ಮಾಡಿಸುತ್ತಿದ್ದ. ತಾರೀಖು ಕೂಡ ಮುಂದೆ ಹಾಕಿಸುತ್ತಿದ್ದ. ಕೇಳಿದ್ದೇ ಕಡಿಮೆ ಆದರೆ ಕೊಟ್ಟದ್ದು ಪೂರ್ತಿಯಾಗುತ್ತದೆ. ಬೈಯಲು ಬಾಯಿ ಬರಲಿಲ್ಲ. ನಾನು ಏನು ಕೇಳಿದ್ದೆನೋ ಅದನ್ನೇ ಅವನು ಮಾಡಿದ್ದ. ನಾನು ಕೇಳಿದ್ದು ನಂಬರ್, ಬತ್ತಿ ಅಲ್ಲ.

ಆಮೇಲೆ ಲೆಕ್ಕ ಬದಲಾಯಿತು. ಮೊದಲ ಸಲ ಬಂದ ಪಿಒ ಏನಿರುತ್ತದೋ ಅದನ್ನು ಹಾಗೇ ಬೀಗ ಹಾಕಿಡುತ್ತೇವೆ. ಆಮೇಲೆ ಎಷ್ಟು ತಿದ್ದಿದರೂ ಅಳೆಯುವುದು ಮೊದಲ ಪಿಒಗೆ. ಇನ್ಸೆಂಟಿವ್ ತೆಗೆಸಿಬಿಟ್ಟೆ. ಮರು ತಿಂಗಳು 96 ಇದ್ದದ್ದು 81ಕ್ಕೆ ಇಳಿಯಿತು. ಈ ಸಲ ಮೈಸೂರ್ ಪಾಕ್ ಇಲ್ಲ.

ಯಜಮಾನರಿಗೆ ಈ 81 ಯಾಕೆ 96ಕ್ಕಿಂತ ಒಳ್ಳೆಯದು ಅಂತ ಒಪ್ಪಿಸುವುದು ಕಷ್ಟವಾಯಿತು. ಅವರು ದುಡ್ಡಿನ ಮನುಷ್ಯ. ಹಾಗಾಗಿ ದುಡ್ಡಿನ ಭಾಷೆಯಲ್ಲೇ ಒಂದು ನಂಬರ್ ತೆಗೆದೆ. ಮಾಲಾಗಿ ನಿಂತಿರುವ ದುಡ್ಡು ಎಷ್ಟು ದಿನದ್ದು, ಗಿರಾಕಿಯಿಂದ ಬರಬೇಕಾದದ್ದು ಎಷ್ಟು ದಿನದ್ದು, ಎರಡನ್ನೂ ಕೂಡಿ, ನಾವು ಬೇರೆಯವರಿಗೆ ಕೊಡಲು ತೆಗೆದುಕೊಳ್ಳುವ ದಿನ ಕಳೆಯುವುದು. ನಮ್ಮದು 68ಕ್ಕೆ 54 ಸೇರಿ, 30 ಹೋಗಿ, 92 ದಿನ ಬಂತು.

"ಅಂದ್ರೆ ನಾನು ಇವತ್ತು ಕೊಟ್ಟ ರೂಪಾಯಿ ಮೂರು ತಿಂಗಳು ಊರೂರು ಸುತ್ಕೊಂಡು ವಾಪಸ್ ಬರತ್ತೆ?" ಅಂದರು. ಹೌದು ಸಾರ್, ಅದರಲ್ಲಿ ಎರಡು ತಿಂಗಳಿಗೂ ಜಾಸ್ತಿ ನಮ್ಮ ಗೋಡೌನ್‌ನಲ್ಲೇ ಮಲಗಿರುತ್ತದೆ ಅಂದೆ. ಅವತ್ತೇ ಎದ್ದು ಹೋಗಿ ಕಡ್ಡಿ ರಾಶಿಯ ಮುಂದೆ ನಿಂತರು. ಓಟಿಫ್ ವಿಷಯದಲ್ಲಿ ನಾನು ಒಂದು ವರ್ಷ ಬಡಿದುಕೊಂಡು ಮಾಡಲಾಗದ್ದನ್ನು ಈ 92 ಒಂದೇ ದಿನದಲ್ಲಿ ಮಾಡಿತು. ಓಡದ ಸುವಾಸನೆಗಳನ್ನು ಮೂರು ತಿಂಗಳಲ್ಲಿ ಕಡಿಮೆ ರೇಟಿಗೆ ತೆಗೆದೆವು. ಕಡ್ಡಿ ತರಿಸುವುದಕ್ಕೂ ಒಂದು ಮಿತಿ ಬಂತು.

ಅಂದ ಹಾಗೆ ಆ 54 ದಿನ. ಸಣ್ಣ ಉದ್ಯಮಗಳಿಗೆ ಕೊಡಬೇಕಾದ ದುಡ್ಡನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು ಅಂತ 2006ರ ಕಾಯ್ದೆ ಹೇಳುತ್ತದೆ. ದೊಡ್ಡವರು ದಂಡ ಮಾತ್ರ ಅದೇ ತಿಂಗಳ ಬಿಲ್‌ನಲ್ಲಿ ಮುರಿದುಕೊಳ್ಳುತ್ತಾರೆ. ಅವರ ಪೇಮೆಂಟ್‌ನ ಓಟಿಫ್ ಎಷ್ಟು ಅಂತ ಒಂದು ಸಲ ಬೈಯರ್ ಮೇಡಂನ ತಮಾಷೆಗೆ ಕೇಳಿದೆ. ನಕ್ಕರು. ಉತ್ತರ ಬರಲಿಲ್ಲ.

ಹಬ್ಬದ ಲೆಕ್ಕ ಇನ್ನೊಂದು ತಲೆನೋವು. ಶ್ರಾವಣ ಬಂತು ಅಂದರೆ ವರಮಹಾಲಕ್ಷ್ಮಿ, ಗೌರಿ ಗಣೇಶ, ಆಮೇಲೆ ದಸರಾ, ದೀಪಾವಳಿ. ಹಿಂದಿನ ವರ್ಷ ಕೇಳಿದಷ್ಟು ಸಿಗದ ಡೀಲರ್ ಈ ವರ್ಷ ಎರಡರಷ್ಟು ಬರೆಯುತ್ತಾನೆ, ಅರ್ಧವಾದರೂ ಸಿಗಲಿ ಅಂತ. ನಾವು ಅದನ್ನು ನಂಬಿ ಮೂರರಷ್ಟು ಪೌಚ್ ಹಾಕಿಸುತ್ತೇವೆ. ಮನೆಗಳಲ್ಲಿ ಊದುಬತ್ತಿ ಹಚ್ಚುವವರು ಹಚ್ಚುವುದು ಎಂದಿನಷ್ಟೇ. ಇದಕ್ಕೆ ಬುಲ್‌ವಿಪ್ ಅಂತ ಹೆಸರು. ಚಾಟಿಯ ಹಿಡಿ ಚೂರು ಅಲುಗಿದರೆ ತುದಿ ಮಾರುದ್ದ ಹಾರುತ್ತದಲ್ಲ, ಹಾಗೆ. 1990ರ ದಶಕದಲ್ಲಿ ಪ್ರಾಕ್ಟರ್ ಆಂಡ್ ಗ್ಯಾಂಬಲ್‌ನವರು ಮಕ್ಕಳ ಡೈಪರ್‌ನಲ್ಲಿ ಇದನ್ನೇ ಕಂಡಿದ್ದರು. ಮಕ್ಕಳು ಒದ್ದೆ ಮಾಡುವುದು ದಿನಾ ಒಂದೇ ಸಮ, ಆರ್ಡರ್ ಮಾತ್ರ ಏರಿಳಿತ. ನಾವು ಈಗ ಡೀಲರ್ ಬರೆದದ್ದರ ಪಕ್ಕದಲ್ಲಿ, ಹೋದ ವರ್ಷ ಅವರ ಅಂಗಡಿಯಿಂದ ನಿಜವಾಗಿ ಮಾರಾಟವಾದದ್ದನ್ನೂ ಕೇಳಿ ಬರೆದುಕೊಳ್ಳುತ್ತೇವೆ. ಕೆಲವರು ಕೊಡುತ್ತಾರೆ. ಕೆಲವರು ನಿಮಗ್ಯಾಕ್ರೀ ಅದು ಅಂತಾರೆ.

ಒಂದು ಕಡೆ ಮಾತ್ರ ನಾನು ಅಳತೆಯನ್ನು ಒಳಗೆ ಬಿಡಲಿಲ್ಲ. ಬಿಡಲಿಲ್ಲ ಅನ್ನುವುದಕ್ಕಿಂತ, ಒಬ್ಬರು ತಡೆದರು. ನಮ್ಮ ಮಸಾಲೆ ಬತ್ತಿ ಈಗಲೂ ಕೈಯಲ್ಲೇ ಹೊಸೆಯುವುದು, ಅಕ್ಕಪಕ್ಕದ ಮನೆಗಳಲ್ಲಿ. ಇದ್ದಿಲ ಪುಡಿ, ಜಿಗಟು ಪುಡಿ ಕಲಸಿದ ಹಿಟ್ಟು, ಕಡ್ಡಿ ಕೊಡುತ್ತೇವೆ. ಸಾವಿರ ಬತ್ತಿಗೆ ಇಷ್ಟು ಅಂತ ಕೂಲಿ. ಕೆಜಿ ಹಿಟ್ಟಿಗೆ ಯಾರು ಎಷ್ಟು ಬತ್ತಿ ಮಾಡುತ್ತಾರೆ ಅಂತ ಲೆಕ್ಕ ಇಟ್ಟು, ಹೆಚ್ಚು ಮಾಡಿದವರ ಹೆಸರು ಬೋರ್ಡಿನಲ್ಲಿ ಹಾಕೋಣ ಅಂತ ನನಗೊಂದು ಆಸೆ. ಮೂವತ್ತು ವರ್ಷದಿಂದ ಬತ್ತಿ ಹೊಸೆಯುವ ಒಬ್ಬ ಅಜ್ಜಿಗೆ ಹೇಳಿದೆ. ಅವರು ಮಣೆಯಿಂದ ತಲೆ ಎತ್ತಲಿಲ್ಲ. ಎರಡು ಅಂಗೈ ಉಜ್ಜುತ್ತಾ, ಅಂಗೈ ಕೆಳಗೆ ಹಿಟ್ಟು ಕಡ್ಡಿಯುದ್ದಕ್ಕೂ ಹರಿಯುತ್ತಾ ಇತ್ತು.

"ಲೆಕ್ಕ ಹಾಕ್ ಕಣಪ್ಪ. ಬತ್ತಿ ತೆಳ್ಳಗಾಯ್ತದೆ."

ಅಷ್ಟೇ ಹೇಳಿದರು. ತೆಳ್ಳಗಾದ ಬತ್ತಿ ಬೇಗ ಉರಿದು ಮುಗಿಯುತ್ತದೆ. ಅದಕ್ಕೂ ದೂರು ಬರುವುದು ನನಗೇ. ಆ ಬೋರ್ಡ್ ಮಾಡಿಸಲಿಲ್ಲ. ಅದರ ಬದಲು ವಾರಕ್ಕೊಮ್ಮೆ ಒಬ್ಬೊಬ್ಬರ ಕಟ್ಟಿನಿಂದ ಎರಡು ಬತ್ತಿ ತೆಗೆದು ಹಚ್ಚಿಡುತ್ತೇವೆ. ಎಷ್ಟು ನಿಮಿಷ ಉರಿಯಿತು ಅಂತ ಗಡಿಯಾರ ನೋಡಿ ಬರೆಯುತ್ತೇವೆ. ಆಫೀಸ್ ಪೂರ್ತಿ ದೇವರ ಮನೆ ಆಗಿಬಿಡುತ್ತದೆ ಆ ದಿನ. ಮಳೆಗಾಲದಲ್ಲಿ ಸರಿಯಾಗಿ ಒಣಗದ ಬತ್ತಿ ಅರ್ಧಕ್ಕೇ ಆರಿಹೋಗುತ್ತದೆ. ಅದೂ ಹೀಗೆ ಹಚ್ಚಿದ್ದರಿಂದಲೇ ಕಣ್ಣಿಗೆ ಬಿತ್ತು.

ಈಗ ನೋಟಿಸ್ ಬೋರ್ಡಿನಲ್ಲಿ ಮೂರೇ ನಂಬರ್. ಮೊದಲ ಪಿಒಗೆ ಓಟಿಫ್, ದುಡ್ಡಿನ ದಿನ, ಕೆಂಪು ಟೇಪ್ ಮುಟ್ಟಿದ ರೋಲ್ ಎಷ್ಟು. ಹೋದ ತಿಂಗಳು 89, 73, ಒಂದು. ಹಸಿರು ಬಣ್ಣ ಹಚ್ಚುವುದನ್ನು ಬಿಟ್ಟಿದ್ದೇನೆ. ಪೆನ್ಸಿಲ್‌ನಲ್ಲಿ ಬರೆಯುತ್ತೇವೆ, ಎದುರಿಗೇ ಕಾರಣ ಒಂದೇ ಸಾಲು. ಸೋಮವಾರ ಬೆಳಗ್ಗೆ ಅದರ ಮುಂದೆ ನಿಂತು ಕಾಲು ಗಂಟೆ ಮಾತಾಡುತ್ತೇವೆ. ಕೂತರೆ ಒಂದು ಗಂಟೆ ಆಗುತ್ತದೆ ಅಂತ ಕುರ್ಚಿ ಹಾಕಿಲ್ಲ.

ಮೊನ್ನೆ ಶನಿವಾರ ಆ ಡಿಸಿಗೆ ಹೊಸ ಮ್ಯಾನೇಜರ್ ಬಂದಿದ್ದಾರೆ ಅಂತ ಮದ್ದೂರಿನ ಹುಡುಗ ಫೋನ್ ಮಾಡಿದ. ಟೋಕನ್ ಟೈಮ್ ಲೆಕ್ಕ ಯಾರು ಒಪ್ಪಿದ್ದು, ಸಿಸ್ಟಂನಲ್ಲಿ ಅದಕ್ಕೆ ಜಾಗವೇ ಇಲ್ಲವಲ್ಲ ಅಂತ ಕೇಳುತ್ತಿದ್ದಾರಂತೆ. ಬೈಯರ್ ಮೇಡಂ ಕೂಡ ಕೆಲಸ ಬಿಟ್ಟಿದ್ದಾರೆ. ಹಳೇ ಮೇಲ್ ಹುಡುಕಿ ಪ್ರಿಂಟ್ ತೆಗೆದು ಫೋಟೋಗಳ ಜೊತೆ ಒಂದು ಫೈಲ್ ಮಾಡಿದ್ದೇನೆ. ಡ್ರೈವರ್ ಅಣ್ಣನಿಗೆ ಹೇಳಿದೆ, ಮಂಗಳವಾರದ ಲೋಡಿಗೆ ನಾನೂ ಬರ್ತೀನಿ ಅಂತ.

"ಬನ್ನಿ ಸಾ. ಒಂದ್ ಬೆಡ್‌ಶೀಟ್ ತಂದ್ಬುಡಿ," ಅಂದರು.